ಕೊಳ್ಳ ಅಂದ್ರೆ ಸಾಕಿತ್ತು

ಕನ್ನಡದ ಅಮೆರಿಕ ಪ್ರವಾಸ ಕಥನಗಳನ್ನು ಒಂದು ನಾಲ್ಕೈದು ಓದಿದ್ದರೆ ಸಾಕು, ಆರನೆಯದರಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಬರುವ ಪುಟ ಹೇಗಿರುತ್ತೆ ಅಂತ ಓದದೇನೇ ಹೇಳಿಬಿಡಬಹುದು. ಹಿಂದಿನ ರಾತ್ರಿ ಮೋಟೆಲ್ಲಿನಲ್ಲಿ ರೈಸ್ ಕುಕ್ಕರ್ ಇಟ್ಟು ಅನ್ನ ಮಾಡಿಕೊಂಡಿರುತ್ತಾರೆ. ಬೆಳಿಗ್ಗೆ ಪುಳಿಯೋಗರೆ ಗೊಜ್ಜು ಕಲಸಿ ಡಬ್ಬಿಗೆ ತುಂಬಿರುತ್ತಾರೆ. ಏಳು ಸೀಟಿನ ವ್ಯಾನು. ಮಗ ಸ್ಟಿಯರಿಂಗ್ ಹಿಡಿದಿದ್ದಾನೆ, ಸೊಸೆ ಪಕ್ಕದಲ್ಲಿ ಕೂತು ದಾರಿ ಹೇಳುತ್ತಿದ್ದಾಳೆ, ಮೊಮ್ಮಕ್ಕಳು ಹಿಂದೆ ಕಿತ್ತಾಡುತ್ತಿದ್ದಾರೆ. ಇನ್ನೂರು ಚಿಲ್ಲರೆ ಮೈಲಿ ಬಂದರೂ ಒಂದು ಹಾರ್ನ್ ಕೇಳಿಸಲಿಲ್ಲ ಅನ್ನೋ ಸಾಲು ಬಂದೇ ಬರುತ್ತದೆ. ಆಮೇಲೆ ಪಾರ್ಕಿಂಗ್, ಒಂದಿಷ್ಟು ನಡಿಗೆ, ಕಬ್ಬಿಣದ ಕಟಾಂಜನ. ಅಲ್ಲಿ ಬಂದು ನಿಂತ ಕೂಡಲೇ ಲೇಖಕರು ಪೆನ್ನು ಕೆಳಗಿಡುತ್ತಾರೆ. ವರ್ಣಿಸಲು ಪದಗಳಿಲ್ಲವಂತೆ. ಮುಂದಿನ ಪ್ಯಾರಾದಲ್ಲಿ ಲಾಸ್ ವೇಗಸ್.

ಗೇಲಿ ಮಾಡೋದಕ್ಕೆ ಇದನ್ನ ಹೇಳ್ತಿಲ್ಲ. ಪುಳಿಯೋಗರೆ ಭಾಗ ನನಗೆ ಇಷ್ಟ. ನಿಜ ಹೇಳಬೇಕೆಂದರೆ ಈ ಪುಸ್ತಕಗಳಲ್ಲಿ ಜೀವ ಇರೋದೇ ಅಲ್ಲಿ. ಒಗ್ಗರಣೆ ಹೊಗೆಗೆ ಅಲಾರಂ ಹೊಡೆದುಕೊಂಡೀತು ಅಂತ ಕಿಟಕಿ ತೆಗೆದು ಟವೆಲ್ ಬೀಸುತ್ತಾ ನಿಲ್ಲೋದು, ಮೊಸರಿನ ಡಬ್ಬಿ ಕಾರಿನ ಬಿಸಿಗೆ ಹುಳಿ ಬರದಂತೆ ಐಸ್ ಪೆಟ್ಟಿಗೆಯಲ್ಲಿ ಯಾವ ಮೂಲೆಗೆ ಇಡಬೇಕು ಅನ್ನೋ ಚರ್ಚೆ, ಟಾಯ್ಲೆಟ್ಟಿನಲ್ಲಿ ಚೊಂಬು ಇಲ್ಲದ ಸಂಕಟ. ಬರೆದವರು ನಿವೃತ್ತ ಮೇಷ್ಟ್ರಾಗಿರಲಿ, ಬ್ಯಾಂಕ್ ಮ್ಯಾನೇಜರ್ ಆಗಿರಲಿ, ಇಲ್ಲಿ ಅವರ ಕನ್ನಡ ಸಲೀಸಾಗಿ ಓಡುತ್ತದೆ, ತಮಾಷೆ ತಾನಾಗಿ ಬರುತ್ತದೆ. ಗೊಜ್ಜಿನ ಹದ ಗೊತ್ತಿರೋ ಕೈ ಅದು.

ಅದೇ ಕೈಗೆ ಬಂಡೆ ಕಂಡ ಕೂಡಲೇ ಯಾಕೆ ಲಕ್ವಾ ಹೊಡೆಯುತ್ತೆ? ನನ್ನ ಪ್ರಶ್ನೆ ಇಷ್ಟೆ.

ನನಗನ್ನಿಸೋದು, ಅಲ್ಲಿಗೆ ಬಂದ ತಕ್ಷಣ ಅವರು ಭಾಷೆ ಬದಲಾಯಿಸುತ್ತಾರೆ. ಅಷ್ಟು ದೊಡ್ಡದನ್ನು ಹೇಳೋದಕ್ಕೆ ಅಷ್ಟೇ ದೊಡ್ಡ ಮಾತು ಬೇಕು ಅನ್ನೋ ನಂಬಿಕೆ. ರುದ್ರರಮಣೀಯ, ನಯನಮನೋಹರ, ಅತ್ಯದ್ಭುತ, ಸೃಷ್ಟಿಕರ್ತನ ಕೈಚಳಕ. ಮದುವೆ ಮನೆಯ ಬೆಳ್ಳಿ ತಟ್ಟೆಯ ಹಾಗೆ ಇರೋದೇ ನಾಲ್ಕು, ಅವೂ ಬಾಡಿಗೆಯವು. ಖಾಲಿಯಾಗೋದು ಆ ಪದಗಳು. ಮನೆಯ ಅಲ್ಯೂಮಿನಿಯಂ ಪಾತ್ರೆ ಅಲ್ಲೇ ಇರುತ್ತೆ, ಅದನ್ನು ಹೊರಗೆ ತೆಗೆಯೋಕೆ ಮಾತ್ರ ನಾಚಿಕೆ.

2019ರಲ್ಲಿ ನಾನು ಆನ್‌ಸೈಟ್ ಅಂತ ಆರು ತಿಂಗಳು ಅರಿಜೋನಾದ ಫೀನಿಕ್ಸ್‌ನಲ್ಲಿದ್ದೆ. ಹೆಂಡತಿ, ಮಗಳು, ಊರಿಂದ ಅವ್ವ ಮೂವರೂ ಬಂದಿದ್ದರು. ಎಲ್ಲರೂ ಮಾಡುವಂತೆ ನಾವೂ ಒಂದು ವಾರ ರಜೆ ಹಾಕಿ ಆ ಪ್ರಸಿದ್ಧ ಸುತ್ತು ಹೊಡೆದೆವು: ಗ್ರ್ಯಾಂಡ್ ಕ್ಯಾನಿಯನ್ನಿನ ದಕ್ಷಿಣ ಅಂಚು, ಪೇಜ್ ಊರು, ಆಂಟಿಲೋಪ್ ಕ್ಯಾನಿಯನ್, ಬ್ರೈಸ್, ಝಯಾನ್, ಕೊನೆಗೆ ವೇಗಸ್. ಆ ಸುತ್ತಿನ ವಿವರ ಬೇಡ, ನೀವೋ ನಿಮ್ಮ ಟೀಮಿನವರೋ ಹೋಗಿ ಬಂದು ಫೋಟೊ ತೋರಿಸಿರುತ್ತೀರಿ. ನನಗೆ ಇಲ್ಲಿ ಬೇಕಾಗಿರೋದು ಒಂದೇ ಒಂದು ವಾಯ್ಸ್ ಮೆಸೇಜು. ದಕ್ಷಿಣ ಅಂಚಿನ ಬೆಂಚಿನ ಮೇಲೆ ಕೂತು ಅವ್ವ ಊರಲ್ಲಿದ್ದ ನಮ್ಮ ಚಿಗವ್ವನಿಗೆ ಹೇಳಿದ್ದು: ‘ನಮ್ಮ ಹುಲಿಗೆಮ್ಮನ ಕೊಳ್ಳ ಇಲ್ಲೇನ, ಅಂಥಾದ್ದ ಒಂದು ಕೊಳ್ಳ. ಖರೆ ಇದರ ತಳಾನ ಕಾಣಂಗಿಲ್ಲ ನೋಡವಾ. ಒಂದ್ ಹನಿ ನೀರ ಕಾಣವಲ್ದು, ಮತ್ತ ನೀರ ಕಡದದ್ದು ಅಂತಾರ.’

ನಮ್ಮೂರು ಬಾದಾಮಿ ತಾಲೂಕು, ಮಲಪ್ರಭಾ ದಂಡೆ. ಹುಲಿಗೆಮ್ಮನ ಕೊಳ್ಳ ಪಟ್ಟದಕಲ್ಲಿಗೆ ಹತ್ತಿರ. ಚಿಗವ್ವ ಅಲ್ಲಿಗೆ ಎಷ್ಟೋ ಸಲ ಹೋಗಿದ್ದಾಳೆ. ಈಗ ಆ ಮೂರು ವಾಕ್ಯವನ್ನು ವಿಮರ್ಶಕನ ಕಣ್ಣಿಂದ ನೋಡಿ. ಇದು ಯಾವ ಜಾತಿಯ ಜಾಗ ಅಂತ ಮೊದಲನೆಯದರಲ್ಲಿ ಬಂತು, ಅದೂ ಕೇಳುವವಳು ಕಾಲಿಟ್ಟು ಬಂದ ಜಾಗದ ಹೆಸರು ಹಿಡಿದು. ಆ ಹೋಲಿಕೆ ಎಲ್ಲಿ ಮುರಿಯುತ್ತೆ ಅಂತ ಎರಡನೆಯದರಲ್ಲಿ ಬಂತು. ಮೂರನೆಯದರಲ್ಲಿ ಒಂದು ಅನುಮಾನ: ನೀರೇ ಕಾಣದ ಕಡೆ ನೀರು ಕಡಿಯಿತು ಅಂದರೆ ನಂಬೋದು ಹೇಗೆ? ಆ ಅನುಮಾನದಿಂದಲೇ ಭೂವಿಜ್ಞಾನ ಶುರುವಾಗೋದು. ಅವ್ವ ಹಳ್ಳಿಯವಳು, ಹಾಗಾಗಿ ಅವಳ ಮಾತೆಲ್ಲ ಬಂಗಾರ ಅಂತ ನಾನು ಹೇಳ್ತಿಲ್ಲ. ಅದೇ ಮೆಸೇಜಿನ ಉಳಿದ ಎರಡು ನಿಮಿಷ ಪೂರ್ತಿ ಅಲ್ಲಿನ ಟೊಮ್ಯಾಟೊ ರೇಟು. ಆದರೆ ಪದಗಳಿಲ್ಲ ಅಂತ ಅವಳಿಗೆ ಅನ್ನಿಸಲಿಲ್ಲ, ಯಾಕಂದರೆ ಪದ ಅವಳ ಹತ್ತಿರ ಮೊದಲೇ ಇತ್ತು.

ಕೊಳ್ಳ. ನಮ್ಮ ಕಡೆ ಇದು ದಿನಬಳಕೆಯ ಮಾತು. ಹುಲಿಗೆಮ್ಮನ ಕೊಳ್ಳ, ಐಹೊಳೆ ಹತ್ತಿರದ ಸಿದ್ಧನಕೊಳ್ಳ, ಆ ಕಡೆ ಬೆಳಗಾವಿ ಜಿಲ್ಲೆಯ ಶಬರಿಕೊಳ್ಳ. ಬಂಡೆಯನ್ನು ಹಳ್ಳ ಸೀಳಿಕೊಂಡು ಹೋದ ಜಾಗ, ಎರಡೂ ಕಡೆ ಗೋಡೆ, ಒಳಗೆ ತಂಪು, ಎಲ್ಲೋ ಒಂದು ಕಡೆ ನೀರು ಜಿನುಗುತ್ತೆ, ಅಲ್ಲೊಂದು ಗುಡಿ. ಶಾಲೆಯ ಭೂಗೋಳದಲ್ಲಿ ನಮಗೆ ಕಲಿಸಿದ್ದು ‘ಕಂದರ’. ಪರೀಕ್ಷೆಯಲ್ಲಿ ಬರೆದೆವು, ಮರೆತೆವು. ಊರಿನ ಪಕ್ಕದ ಕೊಳ್ಳಕ್ಕೂ ಪುಸ್ತಕದ ಕಂದರಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಲಿಲ್ಲ.

ಇನ್ನೂ ಇವೆ. ಆಂಟಿಲೋಪ್ ಕ್ಯಾನಿಯನ್ನಿನಂಥವನ್ನು ಇಂಗ್ಲಿಷಿನಲ್ಲಿ ಸ್ಲಾಟ್ ಕ್ಯಾನಿಯನ್ ಅಂತಾರೆ. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಸಣ್ಣ ಸೀಳು, ಮೇಲಿಂದ ಬಿಸಿಲು ಕೋಲಿನಂತೆ ಇಳಿಯುತ್ತದೆ. ಇದಕ್ಕೆ ಕನ್ನಡದಲ್ಲಿ ಏನಂತಾರೆ ಅಂತ ಚಿತ್ರದುರ್ಗಕ್ಕೆ ಸ್ಕೂಲ್ ಟ್ರಿಪ್ ಹೋದ ಯಾವ ಮಗುವನ್ನಾದರೂ ಕೇಳಿ. ಕಿಂಡಿ. ಒನಕೆ ಓಬವ್ವನ ಕಿಂಡಿ. ಬಾದಾಮಿಯಲ್ಲಿ ಮೇಲಿನ ಶಿವಾಲಯಕ್ಕೆ ಹತ್ತುವಾಗ ಎರಡು ಕೆಂಪು ಗೋಡೆಗಳ ನಡುವೆ ತೂರಿಕೊಂಡು ಹೋಗ್ತೀವಲ್ಲ, ಅದೂ ಕಿಂಡಿಯೇ. ಯೂಟಾ ಮರುಭೂಮಿಯ ಬಂಡೆಗಳಲ್ಲಿ ಮಳೆನೀರು ನಿಲ್ಲುವ ಗುಂಡಿಗಳಿವೆ. ಅಲ್ಲಿ ಅದಕ್ಕೆ ಒಂದು ಸ್ಪ್ಯಾನಿಷ್ ಹೆಸರೂ ಬಳಕೆಯಲ್ಲಿದೆ. ಕನ್ನಡದಲ್ಲಿ ಅದು ದೊಣೆ. ಕೋಟೆ ಇರುವ ಪ್ರತಿ ಬೆಟ್ಟದ ಮೇಲೂ ಒಂದು ದೊಣೆ ಇದೆ, ಅದಿಲ್ಲದಿದ್ದರೆ ಅಲ್ಲಿ ಕೋಟೆ ಕಟ್ಟೋದೇ ಆಗ್ತಿರಲಿಲ್ಲ.

ಹಾಗಂತ ಕನ್ನಡದಲ್ಲಿ ಎಲ್ಲಾ ಇದೆ ಅನ್ನೋ ಪುರಾಣವನ್ನೂ ನಾನು ಊದೋದಿಲ್ಲ. ಇಂಗ್ಲಿಷಿನಲ್ಲೂ ಆ ಜಾಗಕ್ಕೆ ಭಾಷೆ ರೆಡಿ ಇರಲಿಲ್ಲ. ಕ್ಯಾನಿಯನ್ ಅನ್ನೋ ಪದವೇ ಸ್ಪ್ಯಾನಿಷ್‌ನಿಂದ ಎತ್ತಿಕೊಂಡದ್ದು. 1540ರಲ್ಲಿ ಕಾರ್ಡೆನಾಸ್ ಅನ್ನೋ ಸ್ಪೇನಿನ ಕ್ಯಾಪ್ಟನ್ ತನ್ನ ಜನರ ಜೊತೆ ಅಂಚಿಗೆ ಬಂದು ನಿಂತ. ಅಲ್ಲಿಗೆ ಬಂದ ಮೊದಲ ಯುರೋಪಿಯನ್ನರು ಅವರೇ. ಕೆಳಗಿನ ಹೊಳೆ ಅವರಿಗೆ ಒಂದಾಳಿನಷ್ಟು ಅಗಲದ ಕಾಲುವೆಯಂತೆ ಕಂಡಿತ್ತು. ಮೂವರು ಇಳಿಯಲು ನೋಡಿ, ಮೂರನೇ ಒಂದು ಭಾಗ ಹೋಗಿ ವಾಪಸ್ ಬಂದರು. ಮೇಲಿಂದ ಆಳೆತ್ತರ ಕಂಡ ಗುಂಡುಗಳು ಹತ್ತಿರ ಹೋದಾಗ ಸೆವಿಲ್ ನಗರದ ಚರ್ಚಿನ ಗೋಪುರಕ್ಕಿಂತ ಎತ್ತರ ಇದ್ದವಂತೆ. ಕಣ್ಣಿಗೆ ಅಳತೆಯೇ ಸಿಗಲಿಲ್ಲ. 300 ವರ್ಷ ಕಳೆದ ಮೇಲೆ, 1857–58ರಲ್ಲಿ, ಅಮೆರಿಕದ ಸೇನೆಯ ಲೆಫ್ಟಿನೆಂಟ್ ಐವ್ಸ್ ಬಂದ. ಇಷ್ಟು ನಿರುಪಯೋಗಿ ಜಾಗಕ್ಕೆ ನಾವೇ ಮೊದಲು, ನಾವೇ ಕೊನೆ ಅನ್ನೋ ಅರ್ಥದಲ್ಲಿ ರಿಪೋರ್ಟ್ ಬರೆದು ಹೋದ. ಈಗ ವರ್ಷಕ್ಕೆ ಲಕ್ಷಗಟ್ಟಲೆ ಜನ ಪಾರ್ಕಿಂಗ್‌ಗೆ ಒದ್ದಾಡುವ ಜಾಗದ ಬಗ್ಗೆ ಈ ಮಾತು.

ಐವ್ಸ್ ನೋಡಿದ್ದೂ ಇವತ್ತಿನ ಜನ ನೋಡ್ತಿರೋದೂ ಅದೇ ಬಂಡೆ. ನಡುವೆ ಆದದ್ದೇನು? 1869ರಲ್ಲಿ ಒಂದು ಕೈ ಇಲ್ಲದ ಜಾನ್ ವೆಸ್ಲಿ ಪೊವೆಲ್ ಮರದ ದೋಣಿಗಳಲ್ಲಿ ಹೊಳೆಯುದ್ದಕ್ಕೂ ಇಳಿದು ಬಂದ. ಥಾಮಸ್ ಮೊರಾನ್ ದೊಡ್ಡ ದೊಡ್ಡ ಚಿತ್ರ ಬರೆದ. 1882ರಲ್ಲಿ ಕ್ಲಾರೆನ್ಸ್ ಡಟ್ಟನ್ ಅನ್ನೋ ಭೂವಿಜ್ಞಾನಿ ಪದರ ಪದರವಾಗಿ ಅದನ್ನು ಓದಿ ಒಂದು ದಪ್ಪ ಪುಸ್ತಕ ಬರೆದ. ಅದು ಸರ್ಕಾರಿ ರಿಪೋರ್ಟು, ಆದರೆ ಸಾಹಿತ್ಯದಂತೆ ಓದಿಸಿಕೊಳ್ಳುತ್ತೆ. ಅಂದರೆ ಆ ನೋಟಕ್ಕೆ ಬೇಕಾದ ಭಾಷೆಯನ್ನು ಜನ ಕೂತು ಕಟ್ಟಿದರು, 25 ವರ್ಷದಲ್ಲಿ. ನಮ್ಮ ಕಥನಕಾರರು ಬರೀ ಎರಡು ದಿನ ಇರುತ್ತಾರೆ, ಅವರಿಂದ ಡಟ್ಟನ್‌ನ ಪುಸ್ತಕ ಕೇಳೋದು ಅನ್ಯಾಯ, ಒಪ್ಪಿದೆ. ಆದರೆ ಒಂದು ಅಳತೆಯನ್ನಾದರೂ ನಮ್ಮ ನೆಲದಿಂದ ತರಬಹುದಲ್ವಾ? ಆಳ ಒಂದು ಮೈಲಿ ಅಂತ ಬೋರ್ಡು ನೋಡಿ ಬರೆಯೋದಕ್ಕಿಂತ, ನಂದಿ ಬೆಟ್ಟವನ್ನು ಸಮುದ್ರ ಮಟ್ಟದಿಂದ ಬುಡಸಮೇತ ಕಿತ್ತು (1,478 ಮೀಟರ್) ಆ ಕೊಳ್ಳದ ಆಳವಾದ ಕಡೆ (1,800 ಮೀಟರ್‌ಗೂ ಹೆಚ್ಚು) ಇಳಿಸಿದರೆ ತುದಿಯೂ ಕಾಣಲ್ಲ ಅಂದರೆ ಬೆಂಗಳೂರಿನ ಓದುಗನಿಗೆ ಎದೆ ಝಲ್ ಅನ್ನುತ್ತೆ.

ಡಟ್ಟನ್ ಅಂದ ಮೇಲೆ ವಿಷ್ಣುವಿನ ವಿಷಯ ಬರಲೇಬೇಕು. ಈ ಪುಸ್ತಕಗಳು ಎಲ್ಲಾದರೂ ಒಂದು ಕಡೆ ಪದಗಳಿಲ್ಲದ ಮೌನ ಮುರಿದರೆ ಅದು ಇಲ್ಲೇ. ಗ್ರ್ಯಾಂಡ್ ಕ್ಯಾನಿಯನ್ ಒಳಗಿನ ಶಿಖರಗಳಿಗೆ ವಿಷ್ಣು ಟೆಂಪಲ್, ಬ್ರಹ್ಮ ಟೆಂಪಲ್, ಶಿವ ಟೆಂಪಲ್ ಅಂತೆಲ್ಲ ಹೆಸರಿದೆ. ಬಹಳಷ್ಟು ಕಥನಕಾರರು ಇಲ್ಲಿ ಹಿಗ್ಗಿ ಹೀರೇಕಾಯಿ ಆಗುತ್ತಾರೆ. ನಮ್ಮ ಸಂಸ್ಕೃತಿ ಎಲ್ಲೆಲ್ಲಿ ಹಬ್ಬಿತ್ತು ನೋಡಿ ಅನ್ನೋವರೆಗೂ ಕೆಲವರು ಹೋಗುತ್ತಾರೆ. ಹಬ್ಬಿರಲಿಲ್ಲ. ಆ ಆಕಾರಗಳು ಪೂರ್ವದೇಶದ ಗುಡಿಗಳಂತೆ ಡಟ್ಟನ್‌ಗೆ ಕಂಡವು, ಅವನು ಹಾಗೆ ಹೆಸರಿಟ್ಟ, ಉಳಿದವರು ಅದನ್ನೇ ಮುಂದುವರಿಸಿದರು. ತಳದ ಕಪ್ಪು ಬಂಡೆಗೂ ವಿಷ್ಣು ಶಿಸ್ಟ್ ಅಂತಲೇ ಹೆಸರು, ವಯಸ್ಸು ಸುಮಾರು 170 ಕೋಟಿ ವರ್ಷ. ದೇವರ ಹೆಸರು ಕಂಡು ಕೈ ಮುಗಿದವರು ಆ 170 ಕೋಟಿಯ ಹತ್ತಿರ ಒಂದು ನಿಮಿಷ ನಿಲ್ಲೋದಿಲ್ಲ, ಅದು ನನಗೆ ಬೇಜಾರು.

ಇನ್ನೊಂದು ಬೇಜಾರು ಇದಕ್ಕಿಂತ ದೊಡ್ಡದು. ವಿಷ್ಣುವಿಗೆ ಅಲ್ಲಿ ಜಾಗ ಸಿಕ್ಕಿತು, ಅಲ್ಲೇ ಹುಟ್ಟಿ ಬೆಳೆದವರಿಗೆ ಸಿಗಲಿಲ್ಲ. ಹವಸುಪೈ ಅನ್ನೋ ಜನ ಆ ಕೊಳ್ಳದೊಳಗೆ ಒಕ್ಕಲುತನ ಮಾಡಿಕೊಂಡಿದ್ದವರು. 1919ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು, 1928ರಲ್ಲಿ ಅವರ ಕೊನೆಯ ಮನೆಯವರನ್ನೂ ಇಂಡಿಯನ್ ಗಾರ್ಡನ್ ಅನ್ನೋ ಜಾಗದಿಂದ ಎಬ್ಬಿಸಿದರು. 1975ರಲ್ಲಿ ಕಾನೂನು ಬಂದು ಒಂದಷ್ಟು ನೆಲ ವಾಪಸ್ ಸಿಕ್ಕಿತು. ಆ ತಾಣಕ್ಕೆ ಹವಸುಪೈ ಗಾರ್ಡನ್ಸ್ ಅಂತ ಅವರದೇ ಹೆಸರು ಬಿದ್ದದ್ದು 2022ರಲ್ಲಿ. ಅವರ ಊರು ಸುಪೈ ಇವತ್ತಿಗೂ ಕೊಳ್ಳದೊಳಗೇ ಇದೆ, ಕಾರು ಹೋಗಲ್ಲ, ಅಂಚೆ ಹೇಸರಗತ್ತೆ ಮೇಲೆ ಇಳಿಯುತ್ತದೆ. ಆಂಟಿಲೋಪ್ ಕ್ಯಾನಿಯನ್ ಇರೋದು ನವಾಹೊ ಜನರ ನೆಲದಲ್ಲಿ, ಅವರ ಗೈಡ್ ಇಲ್ಲದೆ ಯಾರೂ ಒಳಗೆ ಕಾಲಿಡುವಂತಿಲ್ಲ. ನಾನು ಓದಿದ ಕಥನಗಳಲ್ಲಿ ಆ ಗೈಡ್ ಬರೋದು ಒಂದೇ ಕೆಲಸಕ್ಕೆ: ಯಾವ ಆ್ಯಂಗಲ್‌ನಲ್ಲಿ ಫೋನ್ ಹಿಡಿದರೆ ಫೋಟೊ ಚೆನ್ನಾಗಿ ಬರುತ್ತೆ ಅಂತ ಹೇಳಿಕೊಡೋದಕ್ಕೆ.

ಹೆಸರಿನ ವಿಷಯದಲ್ಲಿ ನಮ್ಮೂರ ಕಡೆಯ ಒಂದು ತಮಾಷೆ ಹೇಳ್ತೀನಿ. ಐಹೊಳೆಯ ತುಂಬಾ ಹಳೆಯ ಗುಡಿಗಳಲ್ಲಿ ಒಂದಕ್ಕೆ ಲಾಡ್‌ಖಾನ್ ಗುಡಿ ಅಂತಾರೆ. ಲಾಡ್‌ಖಾನ್ ದೇವರಲ್ಲ, ಕಟ್ಟಿಸಿದ ರಾಜನೂ ಅಲ್ಲ. ಒಂದು ಕಾಲದಲ್ಲಿ ಆ ಗುಡಿಯೊಳಗೆ ವಾಸ ಇದ್ದ ಮನುಷ್ಯ. ಪುರಾತತ್ವ ಇಲಾಖೆಯ ಬೋರ್ಡಿನ ಮೇಲೂ ಅದೇ ಹೆಸರು. ಅರಿಜೋನಾದಲ್ಲಿ ವಿಷ್ಣುವನ್ನೇ ಕೇಳದ ಬಂಡೆಗೆ ವಿಷ್ಣು ಅಂತ ಹೆಸರು, ಐಹೊಳೆಯಲ್ಲಿ ನಂದಿ ಕೂತಿರೋ ಗುಡಿಗೆ ಅಲ್ಲಿ ಬದುಕಿದವನ ಹೆಸರು. ನನಗೆ ಎರಡನೆಯದು ಸಾಚಾ ಅನ್ನಿಸುತ್ತೆ. (ನಾನೀಗ ಬಾಡಿಗೆಗಿರೋ ಮರ್ಫಿ ಟೌನ್ ಕೂಡ ದಂಡು ಪ್ರದೇಶದ ಒಬ್ಬ ಬ್ರಿಟಿಷ್ ಇಂಜಿನಿಯರನ ಹೆಸರೇ, ಅದಕ್ಕೂ ಮುಂಚೆ ನಾಕ್ಸ್‌ಪೇಟೆ. ನಮ್ಮ ಬೀದಿಯಲ್ಲಿ ತಮಿಳು, ಉರ್ದು, ತೆಲುಗು, ಕನ್ನಡ ಎಲ್ಲಾ ನಡೆಯುತ್ತೆ, ಮರ್ಫಿ ಯಾರು ಅಂತ ಯಾರಿಗೂ ಬೇಕಾಗಿಲ್ಲ. ಇಂಜಿನಿಯರುಗಳಿಗೆ ಆಗಬೇಕಾದದ್ದೇ.)

ಹಿಂದೆ ಈ ಪ್ರಕಾರ ಇಷ್ಟು ಬಡವಾಗಿರಲಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿ ಬಹುಮಾನ ಬಂತು. ಆ ಶೀರ್ಷಿಕೆಯನ್ನೇ ಸ್ವಲ್ಪ ನೋಡಿ. ಗೊರೂರು ಅಂದರೆ ಲೇಖಕರೂ ಹೌದು, ಹೇಮಾವತಿ ದಂಡೆಯ ಅವರ ಹಳ್ಳಿಯೂ ಹೌದು. ಅಮೆರಿಕಕ್ಕೆ ಹೋದದ್ದು ಮನುಷ್ಯನೋ ಊರೋ? ಎರಡೂ ಅನ್ನೋದು ಆ ಎರಡು ಪದದಲ್ಲೇ ಇದೆ. ಆಮೇಲೆ ಬಂದವರು ಆ ಪುಸ್ತಕದ ವೇಷ ಮಾತ್ರ ಉಳಿಸಿಕೊಂಡರು: ವಯಸ್ಸಾದ ತಂದೆತಾಯಿ, ಪರದೇಶದ ಮಗನ ಮನೆ, ಬೆರಗು, ನಗು. ಊರನ್ನು ಮಾತ್ರ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೇ ಬಿಟ್ಟು ಹೋದರು.

ಬಿ.ಜಿ.ಎಲ್. ಸ್ವಾಮಿಯವರೂ ‘ಅಮೆರಿಕದಲ್ಲಿ ನಾನು’ ಬರೆದಿದ್ದಾರೆ. ಆದರೆ ರೋಡ್ ಟ್ರಿಪ್ ಬರೆಯೋರಿಗೆ ನಾನು ಕೈಗೆ ಕೊಡೋದು ಅದನ್ನಲ್ಲ, ‘ಹಸುರು ಹೊನ್ನು’. ಅದೂ ಒಂದು ಟ್ರಿಪ್ ಪುಸ್ತಕವೇ ತಾನೇ? ಸಸ್ಯಶಾಸ್ತ್ರದ ಮೇಷ್ಟ್ರು ಒಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುತ್ತಾರೆ. ಊಟದ ಪಡಿಪಾಟಲು, ಹುಡುಗರ ಚೇಷ್ಟೆ ಎಲ್ಲವೂ ಅಲ್ಲಿವೆ, ನಮ್ಮ ಪುಳಿಯೋಗರೆ ಅಧ್ಯಾಯಕ್ಕೆ ಏನೂ ಕಮ್ಮಿ ಇಲ್ಲ. ಆದರೆ ಗಿಡ ಎದುರಾದಾಗ ಪದಗಳಿಲ್ಲ ಅಂತ ಅವರು ಕೈ ಚೆಲ್ಲೋದಿಲ್ಲ. ಶಾಸ್ತ್ರದ ಹೆಸರು ಬರುತ್ತೆ, ಊರಿನವರ ಹೆಸರು ಬರುತ್ತೆ, ಎಲೆ ಹೂವು ಕಾಯಿ ಬರುತ್ತೆ, ಆ ಗಿಡದ ಮೇಲೊಂದು ಜೋಕೂ ಬರುತ್ತೆ. ತಮಾಷೆ ಬೇರೆ, ತಿಳಿವಳಿಕೆ ಬೇರೆ ಅಂತ ಅವರು ಎರಡು ಡಬ್ಬಿ ಮಾಡಲಿಲ್ಲ.

ಈಗ ಪುಸ್ತಕದ ಜಾಗಕ್ಕೆ ವಿಡಿಯೊ ಬಂದಿದೆ. ಕನ್ನಡದಲ್ಲಿ ಅಮೆರಿಕದ ಫ್ಯಾಮಿಲಿ ರೋಡ್ ಟ್ರಿಪ್ ಮಾಡಿ ಹಾಕುವವರಿಗೆ ಲೆಕ್ಕ ಇಲ್ಲ. ಒಂದು ಒಳ್ಳೆಯದಾಗಿದೆ: ಪದಗಳಿಲ್ಲ ಅಂತ ಹೇಳುವ ಕಷ್ಟ ತಪ್ಪಿತು, ಡ್ರೋನ್ ಹಾರಿಸಿದರೆ ಆಯಿತು. (ರಾಷ್ಟ್ರೀಯ ಉದ್ಯಾನಗಳ ಒಳಗೆ ಡ್ರೋನ್ ನಿಷೇಧ ಇದೆ, ಹಾಗಾಗಿ ಬೇರೆಯವರ ಕ್ಲಿಪ್ಪು.) ಪುಳಿಯೋಗರೆಗೆ ಬದಲು ಹೋಟೆಲ್ ರೂಮ್ ಟೂರ್ ಬಂದಿದೆ, ಅದು ನಷ್ಟ. ಬದಲಾಗದೆ ಉಳಿದದ್ದು ಕಾರು. ಇಪ್ಪತ್ತು ನಿಮಿಷದ ವಿಡಿಯೊದಲ್ಲಿ ಹನ್ನೆರಡು ನಿಮಿಷ ಡ್ಯಾಶ್‌ಬೋರ್ಡ್ ಮೇಲಿಂದ ಕಾಣುವ ರಸ್ತೆ. ಎಡ್ವರ್ಡ್ ಆಬಿ ಅನ್ನೋ ಅಮೆರಿಕನ್ ಲೇಖಕ 1950ರ ದಶಕದಲ್ಲಿ ಯೂಟಾದ ಆರ್ಚಸ್‌ನಲ್ಲಿ ರೇಂಜರ್ ಆಗಿದ್ದ, 1968ರಲ್ಲಿ ‘ಡೆಸರ್ಟ್ ಸಾಲಿಟೇರ್’ ಅಂತ ಪುಸ್ತಕ ಬರೆದ. ಉದ್ಯಾನಗಳೊಳಗೆ ಕಾರು ಬಿಡಲೇಬೇಡಿ, ಜನ ನಡೆಯಲಿ ಇಲ್ಲಾ ಸೈಕಲ್ ತುಳಿಯಲಿ ಅನ್ನೋದು ಅವನ ಜಗಳ. ಅರವತ್ತೈದು ವರ್ಷದ ಮಂಡಿನೋವಿನ ಅವ್ವನನ್ನು ಕರೆದುಕೊಂಡು ಹೋದವನಿಗೆ ಅದು ಸಿಟ್ಟು ಬರಿಸುವ ಮಾತು. ಆದರೂ ಅವನು ಹಿಡಿದ ಜಾಗ ಸರಿ ಇದೆ. ಕಾರಿನಿಂದ ನೋಡಿದರೆ ದೇಶ ಒಂದು ಗಾಜಿನಷ್ಟೇ ಅಗಲ, ಅದೂ ಓಡುತ್ತಾ ಇರುತ್ತೆ.

ಅಮೆರಿಕ ಬಿಡಿ, ಅಲ್ಲಿಗೆ ಎಲ್ಲರೂ ಹೋಗಲ್ಲ. ಇದೇ ಚಾಳಿ ಬೆಂಗಳೂರಿನ ವೀಕೆಂಡಿಗೂ ಅಂಟಿಕೊಂಡಿದೆ, ನನಗೆ ನಿಜವಾದ ತಕರಾರು ಇರೋದು ಇಲ್ಲಿ. ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಇಂದಿರಾನಗರ, ಹಲಸೂರು, ಕೆ.ಆರ್. ಪುರದಿಂದ ಹೊರಡುವ ಕಾರುಗಳಲ್ಲಿ ಒಂದಷ್ಟು ಹೋಗೋದು ಗಂಡಿಕೋಟಕ್ಕೆ. ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿ, ಕದಿರಿ ದಾಟಿ ಕಡಪ ಜಿಲ್ಲೆ. ಐದಾರು ಗಂಟೆ ದಾರಿ. ಅಲ್ಲಿ ಪೆನ್ನಾ ನದಿ ಕೆಂಪು ಬಂಡೆಯನ್ನು ಸೀಳಿದ ಕೊಳ್ಳ ಇದೆ, ಅಂಚಿನ ಮೇಲೆ ಕೋಟೆ ಇದೆ. ಪ್ರತಿ ವಿಡಿಯೊದ ಹೆಸರೂ ಒಂದೇ: ಭಾರತದ ಗ್ರ್ಯಾಂಡ್ ಕ್ಯಾನಿಯನ್.

ಈ ಬಿರುದಿನಿಂದ ಗಂಡಿಕೋಟಕ್ಕೆ ಆಗಿದ್ದು ನಷ್ಟವೇ. ಅಲ್ಲಿ ಆಳ ಹೆಚ್ಚೆಂದರೆ ನೂರು ಮೀಟರ್ ಹತ್ತಿರ, ಇಲ್ಲಿ ಒಂದೂವರೆ ಕಿಲೋಮೀಟರ್ ದಾಟುತ್ತೆ ಅಂತ ಹೋಲಿಸಿದರೆ ನಮ್ಮದು ಪಾಪ ಅನ್ನಿಸುತ್ತೆ. ವಾಪಸ್ ಬಂದವರು ‘ಓಕೆ, ಒಂದ್ಸಲ ನೋಡಬಹುದು’ ಅನ್ನೋದು ಅದಕ್ಕೇ. ಬಂಡೆಯ ಲೆಕ್ಕ ಹಿಡಿದರೆ ಕಥೆ ಉಲ್ಟಾ. ಗ್ರ್ಯಾಂಡ್ ಕ್ಯಾನಿಯನ್ನಿನ ಅಂಚಿನಲ್ಲಿ ನಾವು ಕಾಲೂರುವ ಸುಣ್ಣಗಲ್ಲಿಗೆ ಸುಮಾರು 27 ಕೋಟಿ ವರ್ಷ. ಗಂಡಿಕೋಟದ ಕಲ್ಲು ಅದಕ್ಕಿಂತ ಎಷ್ಟೋ ಪಟ್ಟು ಹಳೆಯದು, ಪ್ರಾಣಿಗಳು ಹುಟ್ಟೋದಕ್ಕೂ ಮುಂಚಿನದು. ನಮ್ಮ ಬಾದಾಮಿಯ ಕೆಂಪು ಮರಳುಗಲ್ಲೂ ಹಾಗೆಯೇ. ಬಾದಾಮಿಯ ಮೂರನೇ ಗುಹೆಯನ್ನು 578ರಲ್ಲಿ ಮಂಗಳೇಶ ಕೊರೆಸಿ ವಿಷ್ಣುವಿಗೆ ಒಪ್ಪಿಸಿದ, ಅಲ್ಲೇ ಶಾಸನ ಇದೆ. ವಿಷ್ಣು ಅನ್ನೋ ಹೆಸರು ಬಂಡೆಗೆ ನ್ಯಾಯವಾಗಿ ಸೇರಿದ ಜಾಗ ಬೇಕಾದರೆ ಅದು. ಅದನ್ನೂ ಈಗ ‘ಮಿನಿ ಗ್ರ್ಯಾಂಡ್ ಕ್ಯಾನಿಯನ್’ ಅಂತ ಕರೆಯೋದು ಶುರುವಾಗಿದೆ. ನನ್ನ ಮಗಳೇ ಹೋದ ಬೇಸಿಗೆಯಲ್ಲಿ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ನಿಂತು ಹಾಗಂದಳು. ಅವಳು ಹುಟ್ಟಿದ್ದು ಬೆಂಗಳೂರು, ತಪ್ಪೇನಿಲ್ಲ, ಅವಳಿಗೆ ಸಿಕ್ಕಿರೋ ಅಳತೆಗೋಲು ಅದೊಂದೇ. ಕೊಳ್ಳ ಅನ್ನೋ ಪದ ಅವ್ವನಿಂದ ನನ್ನವರೆಗೆ ಬಂತು, ನನ್ನಿಂದ ಮುಂದಕ್ಕೆ ದಾಟಬೇಕಾದರೆ ಅದು ಪುಸ್ತಕದಲ್ಲೋ ವಿಡಿಯೊದಲ್ಲೋ ಎಲ್ಲಾದರೂ ಇರಬೇಕಲ್ಲ.

ಗಂಡಿಕೋಟದ ವಿಡಿಯೊಗಳಲ್ಲಿ ಏನಿದೆ, ಏನಿಲ್ಲ ಅಂತ ಒಂದು ಹದಿನೈದು ನೋಡಿ ಪಟ್ಟಿ ಮಾಡಿದೆ. ಟೆಂಟ್ ಬಾಡಿಗೆ ಇದೆ, ಸೂರ್ಯೋದಯ ಇದೆ, ಮಾಧವರಾಯ ಗುಡಿಯ ಗೋಪುರ, ಜಾಮಿಯಾ ಮಸೀದಿ, ಉಗ್ರಾಣ ಇವೆ. ಕೋಟೆಯೊಳಗೇ ಒಂದು ಹಳ್ಳಿ ಇದೆ ಅನ್ನೋದು ಮೂರರಲ್ಲಿ ಮಾತ್ರ ಬಂತು, ಅದೂ ಬಂಡಿ ನಿಲ್ಲಿಸಲು ಯಾವ ಬೀದಿ ಅಂತ ಹೇಳೋದಕ್ಕೆ. ನೀರು ಎಲ್ಲದರಲ್ಲೂ ಇದೆ. ಕೊಳ್ಳದ ತಳದಲ್ಲಿ ಹಸಿರುನೀಲಿ ನೀರು ನಿಂತಿದ್ದರೆ ಸಂಭ್ರಮ, ಬತ್ತಿದ್ದರೆ ‘ಸೀಸನ್ ನೋಡಿಕೊಂಡು ಬನ್ನಿ’ ಅನ್ನೋ ಸಲಹೆ. ಆ ನೀರು ಯಾರದು, ಎಲ್ಲಿಂದ ಬಂತು? ಒಂದರಲ್ಲೂ ಇಲ್ಲ.

ಅವ್ವ ಅರಿಜೋನಾದಲ್ಲಿ ಎತ್ತಿದ ಅನುಮಾನವನ್ನೇ ಇಲ್ಲೂ ಎತ್ತಿದರೆ ಎಷ್ಟು ಸಿಗುತ್ತೆ ನೋಡಿ. ಗಂಡಿಕೋಟದ ಹತ್ತಿರ ಪೆನ್ನಾ ನದಿಗೆ ದೊಡ್ಡ ಜಲಾಶಯ ಕಟ್ಟಿದ್ದಾರೆ. ಅದನ್ನು ತುಂಬಿಸೋದು ಪೆನ್ನೆಯ ನೀರಲ್ಲ, ಅದರಲ್ಲಿ ಅಷ್ಟು ಇಲ್ಲವೇ ಇಲ್ಲ. ಶ್ರೀಶೈಲದ ಹಿನ್ನೀರಿನಿಂದ ಕಾಲುವೆ, ಸುರಂಗ ಹಿಡಿದು ಬರುವ ಕೃಷ್ಣೆಯ ಪ್ರವಾಹದ ನೀರು. ಕೃಷ್ಣೆ ಅಂದರೆ ಕೂಡಲಸಂಗಮದಲ್ಲಿ ಅವಳಿಗೆ ಸೇರುವ ಮಲಪ್ರಭೆಯೂ ಹೌದು. ನವಿಲುತೀರ್ಥದಲ್ಲಿ ಒಂದು ಗುಡ್ಡದ ಸೀಳಿಗೆ ಅಡ್ಡ ಕಟ್ಟಿದ ಅಣೆಕಟ್ಟಿನಿಂದ ಬಿಟ್ಟದ್ದು ಪಟ್ಟದಕಲ್ಲು, ಐಹೊಳೆ, ನಮ್ಮ ಹೊಲಗಳ ಪಕ್ಕ ಹರಿದು ಹೋಗುತ್ತಲ್ಲ, ಅದರಲ್ಲಿ ಒಂದಿಷ್ಟು. ಮಳೆ ಜೋರಾದ ವರ್ಷ ನಮ್ಮೂರೊಳಗೆ ನುಗ್ಗಿ ಮನೆ ಕೆಡವಿದ ಹೊಳೆಯ ಪಾಲು ಗಂಡಿಕೋಟ ಜಲಾಶಯಕ್ಕೂ ಇದೆ. ಅಲ್ಲೂ ಆ ನೀರು ಸುಮ್ಮನೆ ಬರಲಿಲ್ಲ. ಕೊಂಡಾಪುರಂ ಮಂಡಲದ ಊರುಗಳು ಮುಳುಗಿದವು. 2020ರಲ್ಲಿ ತಾಳ್ಳಪ್ರೊದ್ದುಟೂರಿನ ಜನ ಪರಿಹಾರ ಪೂರ್ತಿ ಬರುವ ತನಕ ಏಳೋದಿಲ್ಲ ಅಂತ ಕೂತಿದ್ದಾಗಲೇ ನೀರು ಮನೆ ಬಾಗಿಲಿಗೆ ಬಂದಿತ್ತು. ಅರಿಜೋನಾದಲ್ಲೂ ಇದೇ ಕಥೆಯ ಇನ್ನೊಂದು ಪ್ರತಿ ಇದೆ. ಪೇಜ್ ಊರಿನ ಪಕ್ಕದಲ್ಲೇ ಗ್ಲೆನ್ ಕ್ಯಾನಿಯನ್ ಅಣೆಕಟ್ಟು, 1963ರಿಂದ ತುಂಬಿಸಿದ ಅದರ ನೀರಿನ ಕೆಳಗೆ ಇಡೀ ಒಂದು ಕೊಳ್ಳ ಮುಳುಗಿದೆ. ಪ್ರವಾಸಿಗರು ಅದರ ಮೇಲೆ ಬೋಟಿಂಗ್ ಮಾಡಿ ಲೇಕ್ ಪೊವೆಲ್ ಸೂಪರ್ ಅಂತ ಬರೆಯುತ್ತಾರೆ.

ಟ್ರಿಪ್ಪಿಗೆ ಹೋದವರು ಇದೆಲ್ಲಾ ಯಾಕೆ ತಲೆಗೆ ಹಚ್ಚಿಕೊಳ್ಳಬೇಕು, ಎರಡು ದಿನ ಆರಾಮಾಗಿ ಇದ್ದು ಬರಬಾರದಾ ಅಂತ ನನ್ನ ಹೆಂಡತಿಯೇ ಕೇಳಿದಳು. ಇದ್ದು ಬನ್ನಿ, ಯಾರು ಬೇಡ ಅಂದರು. ನಾನು ಹೇಳ್ತಿರೋದು ಬಂದು ಬರೆಯೋರಿಗೆ, ಮೈಕ್ ಹಿಡಿದು ಮಾತಾಡೋರಿಗೆ. ಇಪ್ಪತ್ತು ನಿಮಿಷ ನಮ್ಮದು ತಗೊಂಡ ಮೇಲೆ ಟೋಲ್ ಎಷ್ಟಾಯ್ತು ಅನ್ನೋದರ ಜೊತೆ ಹೊಳೆ ಎಲ್ಲಿಂದ ಬಂತು ಅಂತಲೂ ಹೇಳಬಹುದು. ಅದಕ್ಕೆ ಭೂವಿಜ್ಞಾನ ಓದಬೇಕಾಗಿಲ್ಲ. ಪೆನ್ನಾ ಅಂದರೆ ನಮ್ಮ ಉತ್ತರ ಪಿನಾಕಿನಿ, ಹುಟ್ಟೋದು ನಂದಿ ಬೆಟ್ಟದ ಸಾಲಿನಲ್ಲಿ. ಗೌರಿಬಿದನೂರು ಹಾದು ಆಂಧ್ರಕ್ಕೆ ಇಳಿದು, ದಾರಿಯುದ್ದಕ್ಕೂ ಬತ್ತಿದ ಮರಳಾಗಿ ತೆವಳಿ, ಗಂಡಿಕೋಟದಲ್ಲಿ ಆ ಬಂಡೆ ಸೀಳಿದ್ದು ಈ ಹೊಳೆಯೇ. ಪ್ರತಿ ವೀಕೆಂಡ್ ಮೋಡ ನೋಡೋಕೆ ಬೈಕ್ ಹತ್ತಿಸುವ ಬೆಟ್ಟದ ನೀರು ಅದು. ಗಂಡಿಕೋಟಕ್ಕೆ ಹೋಗುವ ಕಾರುಗಳು ಚಿಕ್ಕಬಳ್ಳಾಪುರ ಸಮೀಪಿಸುವಾಗ ಎಡಗಡೆ ಆ ಬೆಟ್ಟ ಬೆಳಗಿನ ಮಂಜಿನಲ್ಲಿ ನಿಂತಿರುತ್ತೆ. ನಾನು ನೋಡಿದ ಹದಿನೈದರಲ್ಲಿ ಒಂದರಲ್ಲೂ ಕ್ಯಾಮೆರಾ ಆ ಕಡೆ ತಿರುಗಿಲ್ಲ. ಆ ಹೊತ್ತಿಗೆ ಎಲ್ಲರೂ ತಟ್ಟೆ ಇಡ್ಲಿಗೆ ಯಾವ ಹೋಟೆಲ್ ಅಂತ ಹುಡುಕುತ್ತಿರುತ್ತಾರೆ.